ಒಂದೇ ಹೆಸರಿನ ಇಬ್ಬರು: ಕಿರಿಯ ಬರಹಗಾರರೊಬ್ಬರಿಗೆ ಪತ್ರ

ಪ್ರಿಯ ಮಿತ್ರರೇ,

ನನ್ನ ಮೊಬೈಲಿನಲ್ಲಿ ನಿಮ್ಮ ಹೆಸರಿನವರು ಮೂವರಿದ್ದಾರೆ. ಒಬ್ಬರು ದಂತವೈದ್ಯರು, ಒಬ್ಬರು ಮುದ್ರಣಾಲಯದವರು, ಮೂರನೆಯವರು ನೀವು. ಹೋದ ವಾರ ನಿಮ್ಮ ಲೇಖನ ತಲುಪಿದ ದಿನ, ‘ಸಿಕ್ಕಿದೆ, ನಿಧಾನವಾಗಿ ನೋಡಿ ಹೇಳುತ್ತೇನೆ’ ಎಂಬ ಸಂದೇಶವನ್ನು ದಂತವೈದ್ಯರಿಗೆ ಕಳಿಸಿಬಿಟ್ಟೆ. ‘ಏನು ಸಿಕ್ಕಿತು, ಯಾವ ಹಲ್ಲು?’ ಎಂದು ಉತ್ತರ ಬಂತು. ಅಂದಿನಿಂದ ನೀವು ನನ್ನ ಪಟ್ಟಿಯಲ್ಲಿ ‘ಲೇಖನದವರು’ ಆಗಿದ್ದೀರಿ. ಬೇಸರ ಬೇಡ, ಅವರು ‘ಹಲ್ಲಿನವರು’ ಆಗಿದ್ದಾರೆ.

ಒಂದೇ ಹೆಸರು ಹೊತ್ತು ಬೇರೆ ಬೇರೆ ಕ್ಷೇತ್ರಗಳಲ್ಲಿ ಹೆಸರಾದ ಇಪ್ಪತ್ತೆರಡು ಜೋಡಿಗಳನ್ನು ನೀವು ಕಲೆಹಾಕಿದ್ದೀರಿ. ಶ್ರಮ ಕಾಣುತ್ತದೆ. ಆದರೆ ಓದುತ್ತಾ ಹೋದಂತೆ ನನಗೆ ಶಾಲೆಯ ಹಾಜರಿ ಪುಸ್ತಕ ನೆನಪಾಯಿತು. ಹೆಸರು ಕೂಗುತ್ತೀರಿ, ಇಬ್ಬರು ಎದ್ದು ನಿಲ್ಲುತ್ತಾರೆ, ಹುಟ್ಟಿದ ವರ್ಷ ಹೇಳಿ ಕುಳಿತುಕೊಳ್ಳುತ್ತಾರೆ, ಮುಂದಿನ ಹೆಸರು. ಆರನೆಯ ಜೋಡಿಯ ಹೊತ್ತಿಗೆ ನನಗೆ ಅಚ್ಚರಿ ಉಳಿದಿರಲಿಲ್ಲ. ಲೋಕದಲ್ಲಿ ಜನ ಹೆಚ್ಚು, ಹೆಸರು ಕಡಿಮೆ. ಇಬ್ಬರಿಗೆ ಒಂದು ಹೆಸರು ಬರುವುದು ಆಗಿಯೇ ಆಗುವ ಸಂಗತಿ. ಅದರಿಂದ ಅವರಲ್ಲಿ ಒಬ್ಬರಿಗಾದರೂ ಏನಾಯಿತು ಎಂಬುದನ್ನು ಹೇಳಿದರೆ ಮಾತ್ರ ನಾನು ಪುಟ ತಿರುಗಿಸುತ್ತೇನೆ.

ನಿಮ್ಮ ನಾಲ್ಕನೆಯ ಜೋಡಿಯನ್ನೇ ನೋಡಿ. ‘ವಿನ್‌ಸ್ಟನ್ ಚರ್ಚಿಲ್: ಒಬ್ಬರು ಬ್ರಿಟನ್ನಿನ ಪ್ರಧಾನಿ, ಇನ್ನೊಬ್ಬರು ಅಮೆರಿಕದ ಕಾದಂಬರಿಕಾರ’ ಎಂದು ಬರೆದು ಮುಂದೆ ಹೋಗಿದ್ದೀರಿ. ಅಯ್ಯೋ, ಚಿನ್ನದ ಗಣಿಯ ಮೇಲೆ ಚಾಪೆ ಹಾಸಿ ಮಲಗಿದಂತಾಯಿತು!

1899ರ ಜೂನ್ ತಿಂಗಳು. ಇಂಗ್ಲೆಂಡಿನ ಚರ್ಚಿಲ್‌ಗೆ ಇಪ್ಪತ್ತನಾಲ್ಕು ವಯಸ್ಸು. ಸಂಸತ್ತನ್ನು ಇನ್ನೂ ಪ್ರವೇಶಿಸಿಲ್ಲ. ಬರೆದ ಒಂದೇ ಕಾದಂಬರಿ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರುತ್ತಿದೆ. ಅದೇ ಹೊತ್ತಿಗೆ ಅಮೆರಿಕದಲ್ಲಿ ಅದೇ ಹೆಸರಿನ, ಮೂರು ವರ್ಷ ಹಿರಿಯನಾದ ಇನ್ನೊಬ್ಬನ ಕಾದಂಬರಿ ಭರಾಟೆಯಿಂದ ಮಾರಾಟಕ್ಕೆ ಬಂದಿದೆ. ಇಂಗ್ಲೆಂಡಿನವನು ಪತ್ರ ಬರೆದ. ಪತ್ರ ಆರಂಭವಾಗುವುದೇ ಹೀಗೆ: ಶ್ರೀ ವಿನ್‌ಸ್ಟನ್ ಚರ್ಚಿಲ್ ಅವರು ಶ್ರೀ ವಿನ್‌ಸ್ಟನ್ ಚರ್ಚಿಲ್ ಅವರಿಗೆ ವಂದನೆಗಳನ್ನು ತಿಳಿಸುತ್ತಾರೆ, ಇಬ್ಬರಿಗೂ ಸಂಬಂಧಿಸಿದ ಒಂದು ವಿಷಯವನ್ನು ಅವರ ಗಮನಕ್ಕೆ ತರಬಯಸುತ್ತಾರೆ. ಪತ್ರದ ಉದ್ದಕ್ಕೂ ಇದೇ ಗಂಭೀರ ಮುಖ. ಒಬ್ಬರ ಕೃತಿಯನ್ನು ಜನ ಇನ್ನೊಬ್ಬರದೆಂದು ತಿಳಿಯುವ ಅಪಾಯವಿದೆ, ಆದ್ದರಿಂದ ಇನ್ನು ಮುಂದೆ ತಾನು ‘ವಿನ್‌ಸ್ಟನ್ ಸ್ಪೆನ್ಸರ್ ಚರ್ಚಿಲ್’ ಎಂದು ಸಹಿ ಮಾಡುವುದಾಗಿ ಹೇಳುತ್ತಾನೆ. ಅಮೆರಿಕದವನು ಅದೇ ಧಾಟಿಯಲ್ಲಿ ಕೃತಜ್ಞತೆ ಹೇಳಿ, ತನಗೆ ಬೇರೆ ಯಾವುದಾದರೂ ಹೆಸರಿದ್ದಿದ್ದರೆ ತಾನೇ ಅದನ್ನು ಖಂಡಿತ ಸೇರಿಸಿಕೊಳ್ಳುತ್ತಿದ್ದೆ ಎಂದು ಉತ್ತರ ಬರೆದ.

ಈಗ ಯೋಚಿಸಿ. ಅಂದು ಓದುಗರ ಲೋಕದಲ್ಲಿ ದೊಡ್ಡವನು ಯಾರು, ಚಿಕ್ಕವನು ಯಾರು? ಜಾಗ ಬಿಟ್ಟುಕೊಟ್ಟವನು ಮುಂದೆ ಪ್ರಧಾನಿಯಾದವನು. ಆ ‘ಎಸ್’ ಅಕ್ಷರ ಅವನ ಪುಸ್ತಕಗಳ ಮೇಲೆ ಕೊನೆಯವರೆಗೂ ಉಳಿಯಿತು. 1953ರಲ್ಲಿ ಸಾಹಿತ್ಯದ ನೊಬೆಲ್ ಬಂದದ್ದೂ ಅವನಿಗೇ. ಅಮೆರಿಕದವನು ಅಷ್ಟರಲ್ಲಿ ತೀರಿಕೊಂಡು ಆರು ವರ್ಷವಾಗಿತ್ತು. ಇವತ್ತು ಅವನ ಬಗ್ಗೆ ಬರೆಯುವವರೆಲ್ಲ ಮೊದಲ ಸಾಲಿನಲ್ಲೇ ‘ಆ ಚರ್ಚಿಲ್ ಅಲ್ಲ’ ಎಂದು ಸ್ಪಷ್ಟನೆ ಕೊಡಬೇಕು. ಹೆಸರಿಗಾಗಿ ಯಾರೂ ಜಗಳವಾಡಲಿಲ್ಲ, ಆದರೂ ಒಬ್ಬನ ಹೆಸರನ್ನು ಇನ್ನೊಬ್ಬನ ಜೀವನ ನುಂಗಿಹಾಕಿತು. ಇದನ್ನು ನೀವು ಎರಡು ಪುಟ ಬರೆದಿದ್ದರೂ ನಾನು ಒಂದು ಪದ ಕಡಿಯುತ್ತಿರಲಿಲ್ಲ.

ಇನ್ನು ನಿಮ್ಮ ಹನ್ನೊಂದನೆಯ ಜೋಡಿ, ಚಂದ್ರಶೇಖರ್. ‘ಒಬ್ಬರು ಚೆಂಡನ್ನು ತಿರುಗಿಸಿದರು, ಇನ್ನೊಬ್ಬರು ನಕ್ಷತ್ರಗಳನ್ನು’ ಎಂದು ಬರೆದಿದ್ದೀರಿ. ಈ ವಾಕ್ಯದ ಮೇಲೆ ಕೆಂಪು ಗೆರೆ ಎಳೆದಿದ್ದೇನೆ. ಬರೆದಾಗ ನಿಮಗೆ ಖುಷಿಯಾಗಿರುತ್ತದೆ, ನನಗೆ ಗೊತ್ತು. ಆದರೆ ಖಭೌತ ವಿಜ್ಞಾನಿ ಎಸ್. ಚಂದ್ರಶೇಖರ್ ಯಾವ ನಕ್ಷತ್ರವನ್ನೂ ತಿರುಗಿಸಲಿಲ್ಲ. 1930ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿ, ಇಂಗ್ಲೆಂಡಿಗೆ ಹೊರಟ ಹಡಗಿನಲ್ಲಿ ಕುಳಿತು, ಶ್ವೇತಕುಬ್ಜಕ್ಕೆ, ಅಂದರೆ ಉರಿದು ಮುಗಿದ ನಕ್ಷತ್ರದ ಸಾಂದ್ರ ಉಳಿಕೆಗೆ, ದ್ರವ್ಯರಾಶಿಯ ಒಂದು ಮಿತಿ ಇರಲೇಬೇಕೆಂದು ಲೆಕ್ಕ ಹಾಕಿದರು. ಇವತ್ತು ಅದನ್ನು ಸೂರ್ಯನ ಸುಮಾರು 1.4 ಪಟ್ಟು ಎನ್ನುತ್ತಾರೆ. ನೊಬೆಲ್ ಬರಲು 1983ರವರೆಗೆ ಕಾಯಬೇಕಾಯಿತು. ಬಿ.ಎಸ್. ಚಂದ್ರಶೇಖರ್ ಅವರ ಕಥೆ ಬೇರೆಯೇ. ಬಾಲ್ಯದಲ್ಲಿ ಪೋಲಿಯೊದಿಂದ ಸೊರಗಿದ ಬಲಗೈಯೇ ಅವರು ಬೌಲಿಂಗ್ ಮಾಡುತ್ತಿದ್ದ ಕೈ. 1971ರಲ್ಲಿ ಓವಲ್ ಮೈದಾನದಲ್ಲಿ 38 ರನ್ನುಗಳಿಗೆ ಆರು ವಿಕೆಟ್ ಕಿತ್ತು, ಇಂಗ್ಲೆಂಡಿನ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಸರಣಿ ಗೆಲುವಿಗೆ ದಾರಿ ಮಾಡಿದರು. ಟೆಸ್ಟ್‌ನಲ್ಲಿ ಅವರು ಪಡೆದ ವಿಕೆಟ್ 242, ಗಳಿಸಿದ ರನ್ 167. ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟರೆ ಸಾಕು, ವಿಶೇಷಣ ಬೇಡ.

ಈ ಇಬ್ಬರ ನಡುವೆ ನಿಜವಾದ ಎಳೆ ಒಂದಿದೆ, ಅದು ನಿಮ್ಮ ಕಣ್ಣು ತಪ್ಪಿಸಿದೆ. ಇಬ್ಬರನ್ನೂ ಬಲ್ಲವರು ಕರೆದದ್ದು ‘ಚಂದ್ರ’ ಎಂದೇ. 1999ರಲ್ಲಿ ಅಂತರಿಕ್ಷಕ್ಕೆ ಹೋದ ಕ್ಷ-ಕಿರಣ ದೂರದರ್ಶಕಕ್ಕೆ ‘ಚಂದ್ರ’ ಎಂದು ಹೆಸರಿಟ್ಟಾಗ ಕ್ರಿಕೆಟ್ ಪ್ರಿಯರೊಬ್ಬರು ‘ಇಷ್ಟು ತಡವಾಗಿಯಾದರೂ ಗುರುತಿಸಿದರಲ್ಲ’ ಎಂದು ನನ್ನೆದುರು ಸಂತೋಷಪಟ್ಟರು. ತಿದ್ದಲು ನನಗೆ ಮನಸ್ಸಾಗಲಿಲ್ಲ.

ಅಲ್ಲದೆ, ಹೆಸರಿನ ಬೇರನ್ನು ಸ್ವಲ್ಪ ಅಗೆದಿದ್ದರೆ ಇನ್ನೂ ಒಳ್ಳೆಯದು ಸಿಗುತ್ತಿತ್ತು. ಸಿ.ವಿ. ರಾಮನ್ ಅವರ ಹೆಸರಿನ ಮೊದಲಕ್ಷರ ಏನು? ಚಂದ್ರಶೇಖರ, ಅವರ ತಂದೆಯ ಹೆಸರು. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು ಅವರು. ರಾಮನ್ ಅವರ ಅಣ್ಣನ ಮಗನಿಗೆ ಅಜ್ಜನ ಹೆಸರನ್ನೇ ಇಟ್ಟರು, ಆ ಮಗುವೇ ಮುಂದೆ ಖಭೌತ ವಿಜ್ಞಾನಿ. ಒಬ್ಬ ಅಧ್ಯಾಪಕರ ಹೆಸರು ಮಗನಲ್ಲಿ ಇನಿಶಿಯಲ್ ಆಗಿ, ಮೊಮ್ಮಗನಲ್ಲಿ ಪೂರ್ತಿಯಾಗಿ ಎರಡು ಸಲ ನೊಬೆಲ್ ಪಟ್ಟಿ ಸೇರಿತು. ರಾಮನ್‌ಗೆ ನೊಬೆಲ್ ಬಂದದ್ದು 1930ರಲ್ಲಿ, ಅಣ್ಣನ ಮಗ ಹಡಗು ಹತ್ತಿದ ಅದೇ ವರ್ಷ. ಕವಿ ಚಂದ್ರಶೇಖರ ಕಂಬಾರರನ್ನೂ ಪ್ರಧಾನಿಯಾಗಿದ್ದ ಚಂದ್ರಶೇಖರ್ ಅವರನ್ನೂ ಇದೇ ಸಾಲಿಗೆ ತುರುಕಬೇಕೆಂದು ನಿಮಗೆ ಅನ್ನಿಸೀತು. ಬೇಡ. ಅವರನ್ನು ಬೇರೆ ಬರಹಕ್ಕೆ ಬಿಡಿ.

ಹಾಗೆಯೇ, ಇಬ್ಬರಿಗೂ ಹೆಸರು ಹುಟ್ಟಿನಿಂದ ಬಂತೇ ಎಂಬುದನ್ನು ಮೊದಲು ವಿಚಾರಿಸಿಕೊಳ್ಳಿ. ವಿಷ್ಣುವರ್ಧನರ ವಿಷಯದಲ್ಲಿ ‘ಎಂಥ ಕಾಕತಾಳೀಯ’ ಎಂದು ಉದ್ಗರಿಸಿದ್ದೀರಿ. ಹೊಯ್ಸಳ ದೊರೆಯನ್ನು ಮೊದಲು ಬಿಟ್ಟಿದೇವ ಎಂದು ಕರೆಯುತ್ತಿದ್ದರು. ನಟ ವಿಷ್ಣುವರ್ಧನ್ ಹುಟ್ಟಿದಾಗ ಸಂಪತ್ ಕುಮಾರ್. 1972ರಲ್ಲಿ ನಿರ್ದೇಶಕ ಪುಟ್ಟಣ್ಣ ಕಣಗಾಲ್ ಅವರು ಈ ಹೆಸರಿಟ್ಟು ತೆರೆಗೆ ತಂದರು. ಇಬ್ಬರೂ ಬೆಳೆದ ಮೇಲೆ ಈ ಹೆಸರಿನವರಾದರು. ಬೇಕೆಂದೇ ಆರಿಸಿದ ಹೆಸರನ್ನು ಕಾಕತಾಳೀಯ ಎಂದರೆ ಹೇಗೆ? ಕನ್ನಡದ ರಾಜಕುಮಾರ್ ಮುತ್ತುರಾಜ್ ಆಗಿದ್ದರು, ಹಿಂದಿಯ ರಾಜ್‌ಕುಮಾರ್ ಕುಲಭೂಷಣ್ ಪಂಡಿತ್ ಆಗಿದ್ದರು. ಅಲ್ಲಿಯೂ ಅದೇ ಕಥೆ. ಇದರ ತಿರುವುಮುರುವೂ ಉಂಟು. ನಟ ಮೈಕೆಲ್ ಕೀಟನ್ ಹುಟ್ಟುಹೆಸರು ಮೈಕೆಲ್ ಡಗ್ಲಸ್. ಆ ಹೆಸರಿನ ನಟ ಆಗಲೇ ಇದ್ದುದರಿಂದ ಬಿಡಬೇಕಾಯಿತು. ಗಾಯಕ ಡೇವಿಡ್ ಬೋವಿ ಹುಟ್ಟಿದ್ದು ಡೇವಿಡ್ ಜೋನ್ಸ್ ಆಗಿ. ಇವರು ನಿಮ್ಮ ಪಟ್ಟಿಯಲ್ಲಿಲ್ಲ, ಏಕೆಂದರೆ ಇವರ ಹೆಸರು ಈಗ ಯಾರೊಂದಿಗೂ ಕೂಡುವುದಿಲ್ಲ. ನನಗಂತೂ ಇವರೇ ಹೆಚ್ಚು ಆಸಕ್ತಿ ಹುಟ್ಟಿಸುತ್ತಾರೆ.

ಈಗ ನನ್ನ ತಪ್ಪೊಂದನ್ನು ಹೇಳಿಕೊಳ್ಳಬೇಕು. ಪತ್ರಿಕೆಯೊಂದಕ್ಕೆ ಅಂಕಣ ಬರೆಯುತ್ತಿದ್ದ ಕಾಲದಲ್ಲಿ ಒಬ್ಬ ವೀಣಾವಾದಕರ ವ್ಯಕ್ತಿಚಿತ್ರ ಬರೆದೆ. ಅವರ ಸಾಧನೆಗಳ ಕೊನೆಯಲ್ಲಿ ಮಣ್ಣಿನ ಸವಕಳಿ ಕುರಿತ ಒಂದು ಪುಸ್ತಕವನ್ನೂ ಸೇರಿಸಿ, ‘ನಾದದಷ್ಟೇ ನೆಲವನ್ನೂ ಪ್ರೀತಿಸಿದವರು’ ಎಂದು ಹೆಮ್ಮೆಯಿಂದ ಮುಗಿಸಿದೆ. ಪುಸ್ತಕ ಅದೇ ಹೆಸರಿನ ಕೃಷಿ ವಿಜ್ಞಾನಿಯದು. ವೀಣೆಯವರು ಫೋನ್ ಮಾಡಿ ನಕ್ಕರು. ಮಣ್ಣಿನವರು ನಗಲಿಲ್ಲ. ಹನ್ನೊಂದು ವರ್ಷ ಹೊಲ ಹೊಲ ಸುತ್ತಿ ಬರೆದ ಪುಸ್ತಕ ಅದು ಎಂದು ಒಂದು ಕಾರ್ಡ್ ಬರೆದರು. ಅದರಲ್ಲಿ ಬೈಗುಳವಿರಲಿಲ್ಲ, ಹೊಲಗಳನ್ನು ಸುತ್ತಿದ ವರ್ಷಗಳು ಮಾತ್ರ ಸಾಲಾಗಿದ್ದವು. ತಿದ್ದುಪಡಿ ಮುಂದಿನ ವಾರ ಮೂರು ಸಾಲಿನಲ್ಲಿ ಬಂತು, ಯಾರೂ ಓದಿರಲಿಕ್ಕಿಲ್ಲ. ಆ ಕಾರ್ಡ್ ಇವತ್ತಿಗೂ ನನ್ನ ಮೇಜಿನ ಡ್ರಾಯರಿನಲ್ಲಿದೆ.

ಆದ್ದರಿಂದ ಒಂದೇ ಹೆಸರು ಕಂಡಾಗ ಪ್ರತಿ ಸಂಗತಿಗೂ ಕಾಲ ಮತ್ತು ಕೃತಿ ಎರಡನ್ನೂ ಕಟ್ಟಿಕೊಳ್ಳಿ. ಇದು ಹೊಸ ತಾಪತ್ರಯವೇನಲ್ಲ. ಛಂದಸ್ಸಿನ ಗ್ರಂಥ ಬರೆದ ನಾಗವರ್ಮ ಮತ್ತು ವ್ಯಾಕರಣ, ಅಲಂಕಾರಗಳ ಗ್ರಂಥ ಬರೆದ ನಾಗವರ್ಮ ಒಬ್ಬರೋ ಇಬ್ಬರೋ ಎಂದು ನಮ್ಮ ವಿದ್ವಾಂಸರು ಎಷ್ಟು ಪುಟ ಖರ್ಚು ಮಾಡಿದ್ದಾರೆ! ಒಂದನೆಯ, ಎರಡನೆಯ ಎಂಬ ಸಂಖ್ಯೆಗಳು ನಾವು ಆಮೇಲೆ ಹಚ್ಚಿದ ಚೀಟಿಗಳು, ಬದುಕಿದ್ದಾಗ ಯಾವ ಕವಿಯೂ ತನ್ನನ್ನು ‘ಒಂದನೆಯ’ ಎಂದು ಕರೆದುಕೊಂಡಿಲ್ಲ. ಗಣಿತಜ್ಞ ಭಾಸ್ಕರರಲ್ಲಿ ಒಬ್ಬನು 629ರಲ್ಲಿ ಆರ್ಯಭಟನ ಗ್ರಂಥಕ್ಕೆ ವ್ಯಾಖ್ಯಾನ ಬರೆದವನು. ಇನ್ನೊಬ್ಬನು ತಾನು ಶಕ 1036ರಲ್ಲಿ, ಅಂದರೆ 1114ರಲ್ಲಿ, ಹುಟ್ಟಿದೆನೆಂದೂ ಮೂವತ್ತಾರನೆಯ ವಯಸ್ಸಿನಲ್ಲಿ ಗ್ರಂಥ ರಚಿಸಿದೆನೆಂದೂ ತಾನೇ ಶ್ಲೋಕದಲ್ಲಿ ಹೇಳಿಟ್ಟ. ಎಂಥ ಉಪಕಾರಿ! ವೇದಾಂತಿ ಭಾಸ್ಕರ ಇನ್ನೊಬ್ಬನಿದ್ದಾನೆ, ಎಚ್ಚರ. ಸಂಶೋಧಕರು ಈಗ ಇದೇ ಗೊಂದಲಕ್ಕೆ ಓರ್ಕಿಡ್ ಎಂಬ ಹದಿನಾರು ಅಂಕಿಗಳ ಗುರುತು ಸಂಖ್ಯೆಯನ್ನು ಬಳಸುತ್ತಾರೆ, 2012ರಿಂದ ಅದು ಚಾಲ್ತಿಯಲ್ಲಿದೆ. ನಮ್ಮಂಥವರಿಗೆ ಅದು ಬರುವವರೆಗೆ ಪೆನ್ಸಿಲ್ ಮತ್ತು ಅನುಮಾನ ಸಾಕು.

ಪತ್ರದ ಕೊನೆಯಲ್ಲಿ ನೀವು ಸಣ್ಣ ಅಕ್ಷರದಲ್ಲಿ ಕೇಳಿದ ಪ್ರಶ್ನೆಯೇ ನಿಜವಾದ ಪ್ರಶ್ನೆ ಎಂದು ನನಗೆ ಅನ್ನಿಸಿತು: ನಿಮ್ಮ ಹೆಸರಿನ ಹಿರಿಯ ಕಾದಂಬರಿಕಾರರು ಆಗಲೇ ಇದ್ದಾರೆ, ನೀವು ಹೆಸರು ಬದಲಿಸಿಕೊಳ್ಳಬೇಕೇ?

ಇಂಗ್ಲಿಷ್ ಕಾದಂಬರಿಗಾರ್ತಿ ಎಲಿಜಬೆತ್ ಟೇಲರ್ ಅವರ ಮೊದಲ ಪುಸ್ತಕ ಬಂದದ್ದು 1945ರಲ್ಲಿ. ಅದಕ್ಕೆ ಸ್ವಲ್ಪ ಮುಂಚೆ, 1944ರಲ್ಲಿ, ಅದೇ ಹೆಸರಿನ ಹನ್ನೆರಡರ ಹುಡುಗಿ ಸಿನಿಮಾದಲ್ಲಿ ಜಗತ್ತನ್ನೇ ಗೆದ್ದುಬಿಟ್ಟಿದ್ದಳು. ಲೇಖಕಿಗೆ ಟೇಲರ್ ಎಂಬುದು ಮದುವೆಯಿಂದ ಬಂದ ಹೆಸರು, ಬೇಕಿದ್ದರೆ ಹುಟ್ಟುಹೆಸರಿಗೆ ಮರಳಬಹುದಿತ್ತು. ಮರಳಲಿಲ್ಲ. ಈಜುಡುಗೆಯ ಚಿತ್ರ ಕಳಿಸಿ ಎಂದು ಅಪರಿಚಿತ ಗಂಡಸರು ಆಕೆಗೆ ಕಾಗದ ಬರೆಯುತ್ತಿದ್ದರು. ಕಳಿಸಿ ಬೆಚ್ಚಿಬೀಳಿಸು ಎಂಬುದು ಗಂಡನ ಸಲಹೆ. ಆದರೆ ಆಕೆಯ ಬಳಿ ಅಂಥ ಉಡುಗೆಯೇ ಇರಲಿಲ್ಲ. 1975ರಲ್ಲಿ ತೀರಿಕೊಳ್ಳುವವರೆಗೂ ಅದೇ ಹೆಸರಿನಲ್ಲಿ ಬರೆದರು.

ನಿಮ್ಮ ತೊಡಕು ಅಷ್ಟು ದೊಡ್ಡದಲ್ಲ, ಆದರೆ ಇನ್ನೊಂದು ಬಗೆಯಲ್ಲಿ ಕಠಿಣ. ಆಕೆಯ ಎದುರಿಗಿದ್ದವಳು ನಟಿ, ನಿಮ್ಮ ಎದುರಿಗಿರುವವರೂ ಬರೆಯುವವರೇ. ಅಂಗಡಿಯ ಕಪಾಟಿನಲ್ಲಿ ಇಬ್ಬರ ಪುಸ್ತಕಗಳೂ ಬೆನ್ನಿಗೆ ಬೆನ್ನು ತಾಗಿಸಿ ನಿಲ್ಲುತ್ತವೆ. ಹೊಸ ಕಾವ್ಯನಾಮದ ಮೋಹ ನನಗಿಲ್ಲ. ಶ್ರೀಕಂಠಯ್ಯ ಎಂಬ ಒಂದೇ ಹೆಸರಿನ ಇಬ್ಬರು ಕನ್ನಡದಲ್ಲಿ ಆಗಿಹೋದರು. ಒಬ್ಬರು 1884ರಲ್ಲಿ ಹುಟ್ಟಿದವರು, ಇನ್ನೊಬ್ಬರು 1906ರಲ್ಲಿ. ಇಬ್ಬರೂ ವಿದ್ವಾಂಸರು, ಇಬ್ಬರೂ ಮೇಷ್ಟ್ರು. ಆದರೆ ಬಿ.ಎಂ.ಶ್ರೀ ಎಂದಾಗ ಯಾರಿಗೂ ತೀ.ನಂ.ಶ್ರೀ ನೆನಪಾಗುವುದಿಲ್ಲ. ಎರಡು ಅಕ್ಷರ ಮುಂದೆ ಬಂದು ನಿಂತವು, ಅಷ್ಟೇ. ನೀವೂ ಇನಿಶಿಯಲ್ ಹಿಡಿಯಿರಿ. ಆ ಹಿರಿಯರಿಗೆ ಒಂದು ಸಾಲು ಬರೆದು ತಿಳಿಸಿ, ಇಪ್ಪತ್ತನಾಲ್ಕರ ಚರ್ಚಿಲ್ ತಿಳಿಸಿದಂತೆ. ಇದನ್ನು ಮೊದಲ ಪುಸ್ತಕಕ್ಕೆ ಮುಂಚೆ ಮಾಡಿ. ಎರಡನೆಯ ಪುಸ್ತಕದ ಹೊತ್ತಿಗೆ ಹೆಸರು ತಿದ್ದಿದರೆ ಮೊದಲನೆಯದು ಅನಾಥವಾಗುತ್ತದೆ.

ಲೇಖನವನ್ನು ಹಿಂದಿರುಗಿಸುತ್ತಿದ್ದೇನೆ. ಇಪ್ಪತ್ತೆರಡರಲ್ಲಿ ಮೂರು ಜೋಡಿ ಉಳಿಸಿ. ಯಾವ ಮೂರು ಎಂದು ನಾನು ಹೇಳುವುದಿಲ್ಲ, ಚರ್ಚಿಲ್ ಮಾತ್ರ ಇರಲಿ. ಮತ್ತೆ ಕಳಿಸುವಾಗ ಮೊದಲ ಪುಟದ ಮೇಲೆ ನಿಮ್ಮ ಹೆಸರನ್ನು ಇನಿಶಿಯಲ್ ಸಮೇತ, ಪುಸ್ತಕದ ಮೇಲೆ ಹೇಗೆ ಬರಬೇಕೋ ಹಾಗೆಯೇ ಬರೆಯಿರಿ. ನನ್ನ ಮೊಬೈಲಿನಲ್ಲಿ ‘ಲೇಖನದವರು’ ಎಂಬುದನ್ನು ಅಳಿಸಿ ಅದನ್ನು ಹಾಕಿಕೊಳ್ಳಬೇಕು.

ನಿಮ್ಮ ಹಿರಿಯ ಮಿತ್ರ