ಲಸ್ಸಾ ಜ್ವರ: ಪರೀಕ್ಷೆ ತಡವಾಗಬಾರದು

ಮಾನ್ಯರೇ,

ನೈಜೀರಿಯಾದಲ್ಲಿ ಇಲಿಯಿಂದ ಹರಡುವ ಲಸ್ಸಾ ಜ್ವರ ಮೊದಮೊದಲು ಥೇಟ್ ಮಲೇರಿಯಾ ಥರವೇ ಇರುತ್ತದೆ. ಜ್ವರ, ತಲೆನೋವು, ಸುಸ್ತು. ಮಲೇರಿಯಾ ಮಾತ್ರೆ ನುಂಗಿ ಸುಮ್ನೆ ಕಾಯುವವರೇ ಜಾಸ್ತಿ. ಖಚಿತವಾಗುವುದು ಲ್ಯಾಬಿನಲ್ಲಿ, ರಕ್ತದ ಆರ್‌ಟಿ-ಪಿಸಿಆರ್ ಪರೀಕ್ಷೆಯಿಂದ. ರಿಬಾವಿರಿನ್ ಔಷಧಿ ಕೊಡುವುದಾದರೂ ಬೇಗ ಶುರುವಾಗಬೇಕು. ವೈರಸ್ ಪತ್ತೆಯಾಗಿದ್ದು 1969ರಲ್ಲಿ. ಇಷ್ಟು ವರ್ಷವಾದರೂ ಹಳ್ಳಿಯ ರೋಗಿಯ ರಕ್ತ ಐಸ್ ಪೆಟ್ಟಿಗೆಯಲ್ಲಿ ದೂರದ ಲ್ಯಾಬಿಗೇ ಹೋಗಬೇಕು ಅಂದರೆ ಬೇಸರವಾಗುತ್ತದೆ. ಎಡೊ ರಾಜ್ಯದ ಇರುವಾ ಆಸ್ಪತ್ರೆಯಲ್ಲಿರುವಂಥ ಪರೀಕ್ಷಾ ಸೌಲಭ್ಯ ಇನ್ನಷ್ಟು ಕಡೆ ಬೇಕು.

ನೈಜೀರಿಯಾದಲ್ಲಿ ಕೆಲಸಕ್ಕಿರುವ ಕನ್ನಡಿಗರಿಗೊಂದು ಮಾತು. ರಸ್ತೆ ಬದಿ ಒಣಹಾಕಿದ ಗಾರಿಯನ್ನು (ಮರಗೆಣಸಿನ ತರಿ) ಇಲಿ ಮುಟ್ಟಿರಬಹುದು, ಹುಷಾರು. ಊರಿಗೆ ಬಂದ 3 ವಾರದೊಳಗೆ ಜ್ವರ ಬಂದರೆ, ನೈಜೀರಿಯಾದಿಂದ ಬಂದಿದ್ದೇವೆ ಅಂತ ಡಾಕ್ಟರಿಗೆ ಮೊದಲೇ ಹೇಳಿ.

– ಓದುಗ, ಲಾಗೋಸ್