ಲೆನಾರ್ಡ್ ಬಾಸ್ಟ್‌ನ ಛತ್ರಿ

ಮಾನ್ಯರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಇ.ಎಂ. ಫಾರ್ಸ್ಟರ್ ಅವರ ‘ಹೋವರ್ಡ್ಸ್ ಎಂಡ್’ (1910) ಕುರಿತು ಪ್ರಕಟವಾದ ಲೇಖನವನ್ನು ಓದಿದೆ. ಕಲೆ, ವಿಚಾರಗಳಲ್ಲಿ ಮುಳುಗಿದ ಶ್ಲೆಗಲ್ ಸೋದರಿಯರಾದ ಮಾರ್ಗರೆಟ್, ಹೆಲೆನ್‌ ಅವರಿಗೂ ವ್ಯಾಪಾರವೇ ಬದುಕಾದ ವಿಲ್ಕಾಕ್ಸ್ ಮನೆತನಕ್ಕೂ ನಡೆಯುವ ತಿಕ್ಕಾಟವೇ ಕಾದಂಬರಿಯ ಜೀವಾಳವೆಂದು ವಾದಿಸಿರುವ ಲೇಖಕರು, ವಿಮಾ ಕಂಪನಿಯ ಗುಮಾಸ್ತ ಲೆನಾರ್ಡ್ ಬಾಸ್ಟ್‌ನನ್ನು ಎರಡೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದಾರೆ. ಈ ಕೃತಿಯನ್ನು ಹಲವು ವರ್ಷ ಪಾಠ ಮಾಡಿದ ನಾನು ಇದನ್ನು ಒಪ್ಪಲಾರೆ. ಆ ಎರಡೂ ಮನೆಗಳ ನಿಜವಾದ ತೂಕ ನಮಗೆ ತಿಳಿಯುವುದೇ ಅವನಿಂದ.

ಬೀಥೋವನ್‌ನ ಐದನೆಯ ಸಿಂಫನಿ ಕೇಳಿ ಸಂಗೀತ ಕಛೇರಿಯ ನಡುವೆಯೇ ಎದ್ದುಹೋದ ಹೆಲೆನ್, ಹತ್ತಿರದಲ್ಲೇ ಕುಳಿತಿದ್ದ ಲೆನಾರ್ಡ್‌ನ ಛತ್ರಿಯನ್ನು ಮರೆತು ಒಯ್ಯುತ್ತಾಳೆ. ಅದಕ್ಕಾಗಿ ಅವನು ಮನೆಯವರೆಗೂ ಬಂದಾಗ, ಒಂದೊಂದೇ ಛತ್ರಿಯನ್ನು ಎತ್ತಿ ನೋಡುತ್ತಾ, ಒಂದನ್ನು ಬಿಚ್ಚಿ, ಹೊಲಿಗೆಯೆಲ್ಲ ಬಿಟ್ಟುಹೋಗಿರುವ ಇಂಥ ಕೆಟ್ಟ ಛತ್ರಿ ತನ್ನದೇ ಇರಬೇಕು ಎನ್ನುತ್ತಾಳೆ. ಅದು ಅವನದಾಗಿತ್ತು. ಹೆಲೆನ್‌ಳ ಮನಸ್ಸಿನಲ್ಲಿ ಕಿಂಚಿತ್ತೂ ಕೆಡುಕಿಲ್ಲ. ಆದರೆ ಛತ್ರಿ ಹೋದರೆ ಇನ್ನೊಂದು ಕೊಳ್ಳಬಲ್ಲವರಿಗೆ ಇರುವ ಮರೆವು ಅವನಿಗೆ ಇರಲಾರದು. ಸಂಗೀತ ಕೇಳುವಾಗಲೂ ಅವನ ಚಿತ್ತವೆಲ್ಲ ಅದರ ಮೇಲೆಯೇ ಇತ್ತು.

ತಾನು ವರ್ಷಕ್ಕೆ 600 ಪೌಂಡ್ ವರಮಾನದ ಮೇಲೆ ನಿಂತಿದ್ದೇನೆ, ತಮ್ಮ ವಿಚಾರಗಳೂ ಆ 600 ಪೌಂಡಿನವೇ ಎಂದು ಮಾರ್ಗರೆಟ್ ಬಾಯಿಬಿಟ್ಟು ಹೇಳುತ್ತಾಳೆ. ಲೆನಾರ್ಡ್‌ನ ಕಂಪನಿ ಮುಳುಗಲಿದೆ ಎಂದು ಹೆನ್ರಿ ವಿಲ್ಕಾಕ್ಸ್ ಲಘುವಾಗಿ ಆಡಿದ ಮಾತನ್ನು ಸೋದರಿಯರು ಹಿತಬುದ್ಧಿಯಿಂದಲೇ ಅವನಿಗೆ ಮುಟ್ಟಿಸುತ್ತಾರೆ. ಅವನು ಕಡಿಮೆ ಸಂಬಳಕ್ಕೆ ಬ್ಯಾಂಕೊಂದನ್ನು ಸೇರಿ, ಅಲ್ಲಿಯೂ ಕೆಲಸ ಕಳೆದುಕೊಳ್ಳುತ್ತಾನೆ. ಹಳೆಯ ಕಂಪನಿ ಮಾತ್ರ ಭದ್ರವಾಗಿಯೇ ಉಳಿಯುತ್ತದೆ. ಪಶ್ಚಾತ್ತಾಪಪಟ್ಟ ಹೆಲೆನ್ ಕೊಡಹೋದ 5,000 ಪೌಂಡನ್ನು ಅವನು ನಿರಾಕರಿಸುತ್ತಾನೆ. ಆಕೆ ಅದನ್ನು ಮತ್ತೆ ಹೂಡಿಕೆಯಲ್ಲಿ ತೊಡಗಿಸಿ ಮೊದಲಿಗಿಂತ ತುಸು ಶ್ರೀಮಂತಳಾಗುತ್ತಾಳೆ! ಲೇಖನದಲ್ಲಿ ಈ ಪ್ರಸಂಗದ ಸುಳಿವೇ ಇಲ್ಲದಿರುವುದು ನನಗೆ ನಿಜಕ್ಕೂ ನೋವು ತಂದಿತು.

ಇಂಗ್ಲಿಷ್ ಕಲಾ ವಿಮರ್ಶಕ ರಸ್ಕಿನ್‌ನನ್ನು ಓದಿ ಮೇಲೇರಬಯಸಿದ ಈ ಯುವಕ ಕೊನೆಗೆ ಪುಸ್ತಕಗಳ ಕಪಾಟು ಮೈಮೇಲೆ ಉರುಳುತ್ತಿರುವಾಗಲೇ ಹೃದಯ ನಿಂತು ಸಾಯುತ್ತಾನೆ. ಹೆಲೆನ್‌ಳಲ್ಲಿ ಹುಟ್ಟಿದ ಅವನ ಮಗುವಿಗೆ ‘ಹೋವರ್ಡ್ಸ್ ಎಂಡ್’ ಎಂಬ ಹೆಸರಿನ ಆ ಮನೆ ಸೇರಲಿರುವುದನ್ನು ಲೇಖಕರು ವರ್ಗಗಳ ಸಮನ್ವಯವೆಂದು ಕರೆದಿದ್ದಾರೆ. ಆದರೆ ಲೆನಾರ್ಡ್‌ಗೆ ಜ್ಯಾಕಿ ಎಂಬ ಹೆಂಡತಿಯಿದ್ದಳು. ಗಂಡ ಸತ್ತ ಮೇಲೆ ಅವಳ ಗತಿ ಏನಾಯಿತೆಂದು ಕಾದಂಬರಿ ಹೇಳುವುದಿಲ್ಲ, ಲೇಖಕರೂ ಕೇಳಿಲ್ಲ.

– ನಿವೃತ್ತ ಇಂಗ್ಲಿಷ್ ಅಧ್ಯಾಪಕಿ, ಧಾರವಾಡ