ಉತ್ತರ ಬರದೆ ನಿಂತರೆ?

ತೀರ್ಥಹಳ್ಳಿ

ಚಿ. ಮೇಘನಾಗೆ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು.

ನಿನ್ನ ಪತ್ರದ ಉಳಿದ ಸಂಗತಿಗಳನ್ನು ನಿನ್ನ ಅಪ್ಪ ಫೋನಿನಲ್ಲೇ ಹೇಳಿದ್ದ. ಆದರೆ ಕೊನೆಯಲ್ಲಿ, ಜಾಗ ಸಾಲದೆ ಅಂಚಿನಲ್ಲಿ ಬರೆದಿದ್ದೀಯಲ್ಲ, ‘ಯಾವುದೋ ಮಗು ಏನೋ ಕೇಳಿ, ಉತ್ತರ ಬರದೆ ಎಲ್ಲರೆದುರು ನಿಂತುಬಿಟ್ಟರೆ?’ ಎಂದು, ಅದು ಅವನಿಗೆ ಗೊತ್ತಿರಲಾರದು. ಬೇಸಿಗೆ ರಜೆಗೆ ವಿಜ್ಞಾನ ಸಂಗ್ರಹಾಲಯದಲ್ಲಿ ಮಕ್ಕಳಿಗೆ ವಿವರಿಸುವ ಕೆಲಸ. ಅರ್ಜಿ ತುಂಬಿಯೂ ಕಳಿಸದೆ ಇಟ್ಟುಕೊಂಡಿದ್ದೀಯ. ಆ ಸಾಲು ಓದಿದಂದಿನಿಂದ ನನ್ನ ಮನಸ್ಸು ಬೇರೆ ಯಾವುದರಲ್ಲೂ ನಿಲ್ಲುತ್ತಿಲ್ಲ.

ನನ್ನ ಕಾಲದಲ್ಲಿ ಏಪ್ರಿಲ್ ಬಂದರೆ ಮೇಷ್ಟರುಗಳಿಗೆಲ್ಲ ಮೌಲ್ಯಮಾಪನ, ಅದು ಮುಗಿದರೆ ಮನೆಗೆಲಸ. ಒಂದು ವರ್ಷ ವಿಜ್ಞಾನ ಶಿಕ್ಷಕರಿಗೆ ಬೆಂಗಳೂರಿನಲ್ಲಿ ಬೇಸಿಗೆ ತರಬೇತಿ ಇದೆಯೆಂದು ಸುತ್ತೋಲೆ ಬಂತು. ನಾನು ಹೆಸರು ಕೊಡಲಿಲ್ಲ. ಹಪ್ಪಳ ಸಂಡಿಗೆಯ ಕಾಲ, ಮಳೆ ಹಿಡಿಯುವುದರೊಳಗೆ ಸೌದೆ ಸೇರಿಸಬೇಕು ಎಂದೆಲ್ಲ ಹೇಳಿದೆ. ನಿಜವಾದ ಕಾರಣ ನೀನು ಅಂಚಿನಲ್ಲಿ ಬರೆದಿರುವುದೇ. ಅಲ್ಲಿ ಯಾರಾದರೂ ಏನಾದರೂ ಕೇಳಿದರೆ? ಇದನ್ನು ನಿನ್ನ ಮಾವನಿಗೂ ನಾನು ಹೇಳಿರಲಿಲ್ಲ.

ಇನ್ನೊಂದಿದೆ. ಏಳನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದ್ದಳು: ‘ಟೀಚರ್, ಜೋಗದಲ್ಲಿ ನೀರು ಮೇಲಿನಿಂದ ಕೆಳಗೆ ಮುಟ್ಟಲು ಎಷ್ಟು ಹೊತ್ತು ಬೇಕು?’ ಎತ್ತರ 253 ಮೀಟರ್. ಹಲಗೆಯ ಮೇಲೆ ಲೆಕ್ಕ ಮಾಡಿ ಸುಮಾರು 7 ಸೆಕೆಂಡು ಎಂದೆ. ಗಾಳಿಯ ತಡೆ ಇಲ್ಲವೆಂದುಕೊಂಡರೆ ಲೆಕ್ಕ ಸರಿಯೇ. ಆದರೆ ಅಲ್ಲಿ ನೀರು ಬೀಳುತ್ತಾ ಬೀಳುತ್ತಾ ಹನಿಯಾಗಿ ಒಡೆಯುತ್ತದೆ, ಹನಿಯನ್ನು ಗಾಳಿ ತಡೆಯುತ್ತದೆ, ತುಂತುರಂತೂ ಇನ್ನೂ ನಿಧಾನ. ಅವಳ ಜೊತೆ ಗಡಿಯಾರ ಹಿಡಿದುಕೊಂಡು ಜೋಗದಲ್ಲಿ ನಿಂತು, ಒಂದು ನೀರಿನ ಮುದ್ದೆಯನ್ನು ಕಣ್ಣಿನಲ್ಲೇ ಹಿಂಬಾಲಿಸಿ ಎಣಿಸಬಹುದಿತ್ತು. ಸಾಗರದ ಬಸ್ಸು ಹಿಡಿದರೆ ಆಗುವ ಕೆಲಸ. ಆಗಲಿಲ್ಲ. ಈಗ ಆ ಹುಡುಗಿ ಎಲ್ಲಿದ್ದಾಳೋ.

ನೀನು ಹೋಗುವ ಜಾಗದಲ್ಲಿ ಅಂಥ ಎಣಿಕೆಗೆ ಅವಕಾಶ ಇದೆ ಕಣೇ, ಅದಕ್ಕಾಗಿಯೇ ಅದನ್ನು ಕಟ್ಟಿರುವುದು. ಅಮೆರಿಕದಲ್ಲಿ ಫ್ರಾಂಕ್ ಒಪೆನ್‌ಹೈಮರ್ ಎಂಬ ಭೌತವಿಜ್ಞಾನಿ ಇದ್ದರು, ಅಣುಬಾಂಬಿನ ಒಪೆನ್‌ಹೈಮರ್ ಅವರ ತಮ್ಮ. ರಾಜಕೀಯ ಕಾರಣಕ್ಕೆ ವಿಶ್ವವಿದ್ಯಾಲಯದ ಕೆಲಸ ಕಳೆದುಕೊಂಡು, ದನ ಸಾಕಿಕೊಂಡಿದ್ದು, ಆಮೇಲೆ ಒಂದು ಸಣ್ಣ ಊರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವರು. ಅವರೇ 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಕ್ಸ್‌ಪ್ಲೊರಟೋರಿಯಂ ಎಂಬ ವಿಜ್ಞಾನ ಸಂಗ್ರಹಾಲಯ ತೆರೆದರು. ಅಲ್ಲಿ ನೋಡಲು ಬಂದವರಿಗೆ ವಿವರಿಸುವುದಕ್ಕೆ ವಿದ್ವಾಂಸರನ್ನಲ್ಲ, ಹೈಸ್ಕೂಲು ಹುಡುಗ ಹುಡುಗಿಯರನ್ನು ಸಂಬಳ ಕೊಟ್ಟು ಇಟ್ಟುಕೊಂಡರು. ನಿನಗಿಂತ ಚಿಕ್ಕವರು, ನಿನ್ನಷ್ಟು ಓದದವರು! ಎಲ್ಲ ಉತ್ತರ ಬಲ್ಲವರೇ ಬೇಕು ಎಂದಿದ್ದರೆ ಅವರನ್ನು ಒಳಗೆ ಬಿಡುತ್ತಿದ್ದರೇ?

ಆದರೂ ಭಯ ಹೋಗುವುದಿಲ್ಲ, ನನಗೆ ಗೊತ್ತು. ಇಂಥ ಕಡೆಗಳಲ್ಲಿ ಕೊಳವೆಯಿಂದ ಮೇಲಕ್ಕೆ ಚಿಮ್ಮುವ ಗಾಳಿಯ ಮೇಲೆ ತೇಲುವ ಚೆಂಡು ಇಟ್ಟಿರುತ್ತಾರೆ. ಕೊಳವೆಯನ್ನು ಸ್ವಲ್ಪ ಓರೆ ಮಾಡಿದರೂ ಚೆಂಡು ಬೀಳುವುದಿಲ್ಲ. ‘ಯಾಕೆ ಬೀಳಲ್ಲ?’ ಎಂದು ಮಗು ಕೇಳಿಯೇ ಕೇಳುತ್ತದೆ. ನೀನು ಉತ್ತರ ಕೊಡುವುದಕ್ಕೆ ಮುಂಚೆ ‘ಇನ್ನೂ ಓರೆ ಮಾಡು, ಎಲ್ಲಿ ಬೀಳುತ್ತದೆ ನೋಡೋಣ’ ಎನ್ನು. ಚೆಂಡಿನ ಆಚೆ ಬದಿಗೆ ಕೈ ಹಿಡಿಸು. ಗಾಳಿ ಚೆಂಡನ್ನು ಬಳಸಿಕೊಂಡು ಬಾಗಿ ಹೋಗುವುದು ಅಂಗೈಗೇ ತಿಳಿಯುತ್ತದೆ. ಆಗಲೂ ಗೊತ್ತಾಗದಿದ್ದರೆ ‘ನನಗೂ ತಿಳಿಯದು, ಸಂಜೆ ಕೇಳಿ ತಿಳಿದುಕೊಳ್ಳುತ್ತೇನೆ’ ಎನ್ನು. ಅದನ್ನು ತಲೆ ತಗ್ಗಿಸಿ ಹೇಳಬೇಡ. ಇಷ್ಟು ಸುಲಭವಾಗಿ ಬರೆಯುತ್ತಿದ್ದೇನೆ, ಆ ಮಾತು ನನ್ನ ಬಾಯಿಂದ ಬರಲು ಎಷ್ಟು ವರ್ಷ ಹಿಡಿಯಿತೆಂದು ನಿನಗೆ ಹೇಗೆ ಹೇಳಲಿ.

ಬುದ್ಧಿ ಹೇಳುವುದಕ್ಕೆ ನನ್ನಲ್ಲಿ ಹೆಚ್ಚೇನಿಲ್ಲ. ಮಕ್ಕಳು ಬರುವುದಕ್ಕೆ ಮೊದಲೇ ಹೋಗಿ ಪ್ರತಿಯೊಂದನ್ನೂ ನೀನೇ ತಿರುಗಿಸಿ, ಒತ್ತಿ, ಎಳೆದು ನೋಡು. ಬೆಳಗಿನಿಂದ ಸಂಜೆಯವರೆಗೆ ನಿಂತೇ ಇರಬೇಕು, ಮೆತ್ತನೆಯ ಚಪ್ಪಲಿ ತೆಗೆದುಕೋ. ಗೌರವಧನ ಎಷ್ಟು, ಉಳಿಯುವ ವ್ಯವಸ್ಥೆ ಅವರದೋ ನಮ್ಮದೋ ಎಂದು ಮೊದಲೇ ಕೇಳಿಕೋ, ಕೇಳುವುದಕ್ಕೆ ಸಂಕೋಚ ಬೇಡ. ಕೊನೆಯಲ್ಲಿ ಪ್ರಮಾಣಪತ್ರ ಪಡೆದುಕೋ, ಬಿ.ಎಡ್. ಮುಗಿದ ಮೇಲೆ ಬೇಕಾಗಬಹುದು. ಹಳ್ಳಿ ಶಾಲೆಯ ಮಕ್ಕಳು ಬಂದರೆ ಕನ್ನಡದಲ್ಲೇ ಮಾತಾಡಿಸು. ಅವರಲ್ಲೂ ನಿನ್ನದೇ ಭಯ ಇರುತ್ತದೆ, ತಪ್ಪು ಗುಂಡಿ ಒತ್ತಿಬಿಟ್ಟರೆ ಎಂದು.

ಶಿಫಾರಸು ಪತ್ರ ಕೇಳಿದರೆ ನಿನ್ನ ಕಾಲೇಜಿನ ಮೇಷ್ಟರಿಂದ ಬರೆಸು, ನಾನು ಬರೆದರೆ ನಡೆಯುವುದಿಲ್ಲ. ಬೆಂಗಳೂರಿನ ಮನೆ, ಬಸ್ಸು ಎಲ್ಲವನ್ನೂ ನಿನ್ನ ಅಪ್ಪನ ಹತ್ತಿರ ನಾನು ಮಾತಾಡುತ್ತೇನೆ. ನೀನು ನಾಳೆಯೇ ಅರ್ಜಿ ಕಳಿಸು, ಕಳಿಸಿದ ಮೇಲೆ ಒಂದು ಫೋನ್ ಮಾಡು.

ನಿನ್ನ
ಅತ್ತೆ